ನಮ್ಮ ಬಾವಿಯ ಕಾಫಿ ಕುಡಿದು ಹೋದ ನಿರ್ದೇಶಕರಿಗೆ

ರಾಸ್ ಜುಫೈನ್ ಊರಿನ ಕಡಲನೀರು ಸಿಹಿಗೊಳಿಸುವ ಸ್ಥಾವರದ ಮಾನ್ಯ ನಿರ್ದೇಶಕರಾದ ಇಂಜಿನಿಯರ್ ನಬ್ಹಾನ್ ಬಿನ್ ಹಮೂದ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೇಲೆ ಶಾಂತಿಯಿರಲಿ, ತಮ್ಮ ಮನೆಮಂದಿಯ ಮೇಲೆ, ತಮ್ಮ ತಾಯಿಯವರ ಮಂಡಿನೋವಿನ ಮೇಲೆ, ಹಗಲಿರುಳು ಗುಂಯ್‌ಗುಡುವ ತಮ್ಮ ಪಂಪುಗಳ ಮೇಲೆಯೂ ಶಾಂತಿಯಿರಲಿ; ಪಂಪುಗಳ ಮೇಲೆ ಸ್ವಲ್ಪ ಹೆಚ್ಚಾಗಿಯೇ ಇರಲಿ, ಏಕೆಂದರೆ ಅವು ಒಂದು ಗಳಿಗೆ ಶಾಂತವಾದರೆ ನಮ್ಮ ಕೇರಿಯವರಿಗೂ ಕಣ್ಣು ಹತ್ತೀತು.

ನಾನು ಜುವೈನಾ ಬಿಂತ್ ಖಲ್ಫಾನ್, ಹಲ್ವಾ ಬಾವಿ ಕೇರಿಯ ಮರ್ಹೂನ್ ಅವರ ಹೆಂಡತಿ. ತಾವು ನಮ್ಮ ಮನೆಗೆ ಬಂದಾಗ ನಾನು ಪರದೆಯ ಈಚೆ ಇದ್ದುದರಿಂದ ನನ್ನ ಮುಖ ತಮಗೆ ನೆನಪಿರಲಾರದು, ಆದರೆ ನನ್ನ ಕಾಫಿ ನೆನಪಿರಲೇಬೇಕು. ಕಳೆದ ಗುರುವಾರ ತಮ್ಮ ಸ್ಥಾವರದ ಸಮಾರಂಭ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ತಾವು ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ಎಲ್ಲಾ ಬರೆದು ಕೊಡಿ ಚಿಕ್ಕಪ್ಪ, ನೋಡೋಣ" ಎಂದು ಅಪ್ಪಣೆ ಕೊಡಿಸಿದಿರಿ. ನಮ್ಮವರಿಗೆ ಬರೆಯುವುದೆಂದರೆ ಆಗದು, ನನಗೆ ಸುಮ್ಮನಿರುವುದೆಂದರೆ ಆಗದು, ಆದ್ದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ. ತಮ್ಮ ಕಚೇರಿಗೆ ಕೊಟ್ಟ ಕಾಗದಗಳು ಬಹಳ ವಿಶ್ರಾಂತಿ ಪಡೆಯುತ್ತವೆಂದು ಕೇಳಿದ್ದೇನೆ. ಅದಕ್ಕಾಗಿ ಇದರ ಒಂದೊಂದು ಪ್ರತಿಯನ್ನು ಮೀನು ಮಾರುಕಟ್ಟೆಯ ಕಂಬಕ್ಕೂ, ಹಲ್ವ ಅಂಗಡಿಯ ಗಾಜಿಗೂ ಅಂಟಿಸಿದ್ದೇನೆ, ತಾವು ಓದುವುದು ತಡವಾದರೂ ಚಿಂತೆಯಿಲ್ಲ.

ಮೊದಲಿಗೆ ಒಂದು ಮಾತು. ನಾವು ಯಂತ್ರದ ವಿರೋಧಿಗಳಲ್ಲ. ಮಳೆ ಎಂಬುದು ಈ ಒಮಾನ್ ದೇಶಕ್ಕೆ ದೂರದ ನೆಂಟ, ಯಾವಾಗಲೋ ಒಮ್ಮೆ ಬರುತ್ತದೆ, ಬಂದರೆ ರಸ್ತೆ ಸೇತುವೆ ಮುರಿದೇ ಹೋಗುತ್ತದೆ. ಅಂಥ ನೆಂಟನನ್ನು ನಂಬಿ ಯಾರೂ ಸಂಸಾರ ಮಾಡಲಾರರು. ಕಡಲನ್ನೇ ಸೋಸಿ ಕುಡಿಯದೆ ನಮಗೆ ಬೇರೆ ಗತಿಯಿಲ್ಲ. ಮಸ್ಕತ್ತಿನಲ್ಲಿರುವ ನನ್ನ ತಂಗಿಯ ಮಕ್ಕಳು ಮೈತೊಳೆದುಕೊಂಡು ಶಾಲೆಗೆ ಹೋಗುತ್ತಿರುವುದು ತಮ್ಮ ಕೃಪೆಯಿಂದ, ಅವಳ ಮನೆಯೆದುರಿನ ವೃತ್ತದಲ್ಲಿ ಹುಲ್ಲು ಹಸಿರಾಗಿರುವುದೂ ತಮ್ಮ ಕೃಪೆಯಿಂದ. ಇಷ್ಟು ದೊಡ್ಡ ಕಡಲಿನಿಂದ ಉಪ್ಪನ್ನು ಬಿಡಿಸುವುದೆಂದರೆ ಹುಡುಗಾಟವೇ? ಆದರೆ ಹಾಗೆ ಬಿಡಿಸಿದ ಉಪ್ಪನ್ನು ಎಲ್ಲಿಡುವುದೆಂದು ತಮಗೆ ಚಿಂತೆ ಹತ್ತಿರಬೇಕು, ಆಗ ನಮ್ಮ ಬಾವಿ ಕಣ್ಣಿಗೆ ಬಿದ್ದಿರಬೇಕು ಎಂದು ಕೇರಿಯ ಹೆಂಗಸರೆಲ್ಲ ತಮ್ಮ ಜಾಣತನವನ್ನು ಕೊಂಡಾಡುತ್ತಿದ್ದೇವೆ.

ಹಲ್ವಾ ಎಂದರೆ ಸಿಹಿ. ಅಲೆಯ ಸದ್ದು ಕೇಳಿಸುವಷ್ಟು ಕಡಲಿಗೆ ಹತ್ತಿರವಿದ್ದೂ ಸಿಹಿಯಾಗಿರುವ ಬಾವಿ ಈ ಕರಾವಳಿಯಲ್ಲಿ ಅದೊಂದೇ, ಅದು ನಮ್ಮ ಹಿತ್ತಿಲಿನಲ್ಲಿದೆ, ನೀರು ಮಾತ್ರ ಇಡೀ ಕೇರಿಯದು. ಮರಳಿನ ಅಡಿಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ಹಾಲಿನ ಮೇಲಿನ ಕೆನೆಯಂತೆ ತೆಳ್ಳಗೆ ನಿಂತಿರುತ್ತದೆಂದು ನಮ್ಮ ಅತ್ತೆ ಹೇಳುತ್ತಿದ್ದರು. ಮೆಲ್ಲಗೆ ಸೇದಿದರೆ ಕೆನೆ ಸಿಗುತ್ತದೆ, ಗಬಗಬ ಎಳೆದರೆ ಕೆಳಗಿನದೇ ಮೇಲೆ ಬರುತ್ತದೆ. ಅದಕ್ಕೇ ಆ ಬಾವಿಗೆ ಮೋಟಾರು ಇಳಿಸಬಾರದು, ಹಗ್ಗ ಮತ್ತು ಕೊಡವೇ ಆಗಬೇಕೆಂಬುದು ಕೇರಿಯ ಕಟ್ಟಳೆ. ಮದುವೆಯ ಕಾಫಿಗೆ ಅದೇ ನೀರು, ಸಾವಿನ ಮನೆಯ ಕಾಫಿಗೂ ಅದೇ ನೀರು. ನಾನು ಈ ಮನೆಗೆ ಮದುವೆಯಾಗಿ ಬಂದಾಗ ಅತ್ತೆ ನನ್ನ ಕೈಗೆ ಬೀಗದ ಕೈ ಕೊಡಲಿಲ್ಲ, ಬಾವಿಯ ಹಗ್ಗ ಕೊಟ್ಟರು.

ಇನ್ನು ತಾವು ಬಂದ ದಿನದ ವಿಚಾರ. ತಾವು ಬಂದದ್ದು ಕಡಲ ದಡ ನೋಡಿಕೊಂಡು ಹೋಗುವುದಕ್ಕೆ, ಅಷ್ಟೇ. ಬಿಸಿಲು ಜೋರಿತ್ತು. ನಮ್ಮವರು ಯಾರೇ ಬಾಗಿಲ ಮುಂದೆ ಹಾದು ಹೋದರೂ ಒಳಗೆ ಎಳೆದು ತರುವ ಪೈಕಿ, ತಮ್ಮನ್ನೂ ತಮ್ಮ ಜೊತೆಗಿದ್ದ ಗುಮಾಸ್ತನನ್ನೂ ಕರೆದು ಚಾಪೆಯ ಮೇಲೆ ಕೂರಿಸಿ, ಖರ್ಜೂರದ ತಟ್ಟೆ ಇಟ್ಟು, ಕಾಫಿ ಬಗ್ಗಿಸಿದರು. ತಾವು ಒಂದು ಖರ್ಜೂರ ತಿಂದಿರಿ. ಬಟ್ಟಲನ್ನು ಕೈಗೆ ತೆಗೆದುಕೊಂಡು, "ಇದು ಬಾವಿ ನೀರಾ?" ಎಂದು ಕೇಳಿದಿರಿ. "ಹೌದು ಮತ್ತೆ, ಹಲ್ವಾ ಬಾವೀದು!" ಎಂದು ನಮ್ಮವರು ಎದೆಯುಬ್ಬಿಸಿದರು. ತಾವು ಬಟ್ಟಲನ್ನು ತುಟಿಗೂ ಸೋಕಿಸದೆ ಮೆಲ್ಲಗೆ ಚಾಪೆಯ ಮೇಲೆ ಇಟ್ಟಿರಿ. ಸೋಸದ ನೀರು ಹೊಟ್ಟೆಗೆ ಆಗಿಬರುವುದಿಲ್ಲ ಎಂದು ತಾವು ಇಟ್ಟದ್ದು, ಇದು ನಮಗೆ ಗೊತ್ತಾದದ್ದು ಬಹಳ ಆಮೇಲೆ, ತಮ್ಮ ಗುಮಾಸ್ತನ ಹೆಂಡತಿಯಿಂದ.

ತಾವು ಪರದೇಶದಲ್ಲಿ ಓದಿ ಬಂದವರು, ಮರೆತಿರಬಹುದೆಂದು ಹೇಳುತ್ತೇನೆ. ನಮ್ಮಲ್ಲಿ ಅತಿಥಿಯಾದವನು ಬಟ್ಟಲನ್ನು ಮುಟ್ಟದೆ ಮುಂದೆ ಇಟ್ಟುಕೊಂಡು ಕೂತರೆ, ಅವನು ಏನೋ ಕೇಳಿಕೊಳ್ಳಲು ಬಂದಿದ್ದಾನೆ, ಅದು ನೆರವೇರುವವರೆಗೆ ಈ ಮನೆಯ ಕಾಫಿ ಕುಡಿಯುವುದಿಲ್ಲ ಎಂದು ಅರ್ಥ. ಹೆಣ್ಣು ಕೇಳಲು ಬಂದವರು ಹಾಗೆ ಇಡುತ್ತಾರೆ, ಜಗಳ ಬಿಡಿಸಲು ಬಂದ ಹಿರಿಯರು ಹಾಗೆ ಇಡುತ್ತಾರೆ. ಮನೆಯ ಯಜಮಾನ ಆಗಲಿ ಎನ್ನಬೇಕು, ಕಾಫಿ ತಣ್ಣಗಾಗುವ ಮೊದಲೇ ಎನ್ನಬೇಕು, ಇಲ್ಲದಿದ್ದರೆ ಅವನ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ. ಹಾಗೆ ಅಂದ ಮೇಲೆ ಬೇಡಿಕೆ ಯಾವುದೇ ಇರಲಿ, ಹಿಂದೆ ಸರಿಯುವಂತಿಲ್ಲ.

ನಮ್ಮವರ ಮುಂದೆ ಇಷ್ಟು ದೊಡ್ಡ ಅಧಿಕಾರಿ ಯಾವತ್ತೂ ಬಟ್ಟಲು ಕೆಳಗಿಟ್ಟಿರಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಿದ್ದೆ, ಅವರ ಮೀಸೆಯೇ ಹಿಗ್ಗಿಹೋಗಿತ್ತು. ಹಿಂದೆ ಮುಂದೆ ನೋಡಲಿಲ್ಲ, "ಕುಡೀರಿ ಸಾಹೇಬ್ರೇ, ನೀವು ಕೇಳೋದು ಏನೇ ಇರ್ಲಿ, ಕೊಟ್ಟಾಯ್ತು!" ಎಂದುಬಿಟ್ಟರು. ನಾನು ಒಳಗಿನಿಂದ ಕೆಮ್ಮಿದೆ. ಮತ್ತೂ ಜೋರಾಗಿ ಕೆಮ್ಮಿದೆ. ಅವರು "ಒಳಗೆ ಯಾರಿಗೋ ನೆಗಡಿ" ಎಂದರು. ಪಾಪ, ತಾವು ಮಾತ್ರ ಏನೂ ತಿಳಿಯದೆ ಕಕ್ಕಾಬಿಕ್ಕಿಯಾಗಿ ಗುಮಾಸ್ತನ ಮುಖ ನೋಡಿದಿರಿ. ಆ ಮಹಾನುಭಾವ ತಮ್ಮ ಕಿವಿಯಲ್ಲಿ ಏನೋ ಹೇಳಿದ. ತಮ್ಮ ಮುಖದ ಮೇಲೆ ಬೆಳಕು ಹರಿದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕೂಡಲೇ ಗಂಟಲು ಸರಿಮಾಡಿಕೊಂಡು, ನಮ್ಮ ಹಿತ್ತಿಲಿನಿಂದ ಕಡಲವರೆಗಿನ ಮರಳಿನ ಪಟ್ಟಿಯಲ್ಲಿ ಸ್ಥಾವರಕ್ಕೆ ಕಡಲನೀರು ಎಳೆಯಲು ಕೊಳವೆಬಾವಿಗಳನ್ನು ಕೊರೆಯಬೇಕು ಎಂದಿರಿ. ಆಮೇಲೆ ಕಾಫಿ ಕುಡಿದಿರಿ. ಹೊಟ್ಟೆಯ ಯೋಚನೆ ಆಗ ಎಲ್ಲಿ ಹೋಗಿತ್ತೋ, ಇನ್ನೊಂದು ಬಟ್ಟಲು ಹಾಕಿಸಿಕೊಂಡಿರಿ, ಮತ್ತೂ ಒಂದು ಹಾಕಿಸಿಕೊಂಡಿರಿ, "ಇಂಥ ಕಾಫಿ ನಾನು ಕುಡಿದೇ ಇಲ್ಲ ಚಿಕ್ಕಪ್ಪ" ಎಂದಿರಿ, ಸಾಕು ಎಂದು ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸಿ ಎದ್ದು ಹೋದಿರಿ.

ಅವತ್ತು ಸಂಜೆ ನಾನು ನಮ್ಮವರಿಗೆ ಮಂಗಳಾರತಿ ಮಾಡಿದೆ. "ಏನು ಕೇಳ್ತಾನೆ ಅಂತ ಕೇಳ್ದೇನೇ ಕೊಟ್ಟುಬಿಡೋದಾ? ನಾಳೆ ಯಾರಾದ್ರೂ ಬಂದು ಬಟ್ಟಲಿಟ್ಟು ನನ್ನೇ ಕೇಳಿದ್ರೆ?" ಎಂದೆ. "ಅಷ್ಟು ಧೈರ್ಯ ಯಾರಿಗಿದೆ ಕಣೇ" ಎಂದರು. ನಗು ಬಂತು, ಏನು ಮಾಡಲಿ. ತಮ್ಮ ಕೊಳವೆಗಳು ಕಡಲಿನ ಕಡೆಯ ನೀರನ್ನು ಮಾತ್ರ ಎಳೆಯುತ್ತವೆ, ಬಾವಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ತಾವು ಬಣ್ಣದ ನಕ್ಷೆ ಬಿಡಿಸಿ ತೋರಿಸಿದ್ದಿರಿ. ನಕ್ಷೆ ಬಹಳ ಚೆನ್ನಾಗಿತ್ತು, ನೀರಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಮೊದಲ ಬೇಸಿಗೆಯಲ್ಲಿ ನಮ್ಮ ಕಂದು ಆಡು ಬಾವಿಯ ನೀರಿಗೆ ಮೂತಿಯಿಟ್ಟು ಮುಖ ತಿರುಗಿಸಿತು. ಎರಡನೆಯ ಬೇಸಿಗೆಗೆ ಹಿತ್ತಿಲಿನ ಖರ್ಜೂರದ ಗರಿಗಳು ತುದಿಯಿಂದ ಹಳದಿಯಾದವು. ಎದುರುಮನೆಯ ಮುದುಕ ತೀರಿಕೊಂಡಾಗ ಸಾವಿನ ಮನೆಗೆ ಬಂದವರು ಕಾಫಿಯ ಒಂದು ಗುಟುಕು ಕುಡಿದು ಬಟ್ಟಲು ಅಲ್ಲಾಡಿಸಿ ಕೊಟ್ಟುಬಿಟ್ಟರು, ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಅದೇ ನಮ್ಮವರಿಗೆ ತಟ್ಟಿತು.

ಅದಾದ ಮೇಲೆ ಅವರು ಚಾವಡಿಗೆ ಹೋಗುವುದನ್ನು ಬಿಟ್ಟರು. ಕೊನೆಯ ಸಲ ಹೋಗಿದ್ದಾಗ ಯಾರೋ, "ಮರ್ಹೂನಣ್ಣ, ಸ್ವಲ್ಪ ಸರ್ಕೊಂಡು ಕೂತ್ಕೋ, ಇಲ್ಲಾಂದ್ರೆ ಚಾವಡೀನೂ ಯಾರಿಗಾದ್ರೂ ಕೊಟ್ಟುಬಿಟ್ಟೀಯ" ಎಂದರಂತೆ. ಎಲ್ಲರೂ ನಕ್ಕರಂತೆ, ಇವರೂ ನಕ್ಕರಂತೆ. ಮನೆಗೆ ಬಂದು ಗೋಡೆಗೆ ಒರಗಿ ಕೂತು, ಇನ್ನು ಹಲ್ವಾ ಬಾವಿ ಸಿಹಿಯಾಗುವ ದಾರಿ ಕಾಣುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದರು. ಕಾಫಿಯಿಲ್ಲದ ಒಮಾನಿ ಗಂಡಸನ್ನು ತಾವು ಎಂದಾದರೂ ಮನೆಯಲ್ಲಿ ಇಟ್ಟುಕೊಂಡಿದ್ದೀರಾ ಮಾನ್ಯರೇ? ಬಾಗಿಲಿಗೆ ಬಂದವರಿಗೆಲ್ಲ ನಮ್ಮವರು ಕೈಯಾರೆ ಬಗ್ಗಿಸಿ ಕೊಡುತ್ತಿದ್ದರು, ಅವರು ಮಾತ್ರ ಬರೀ ಖರ್ಜೂರ ಜಗಿಯುತ್ತಾ ಕೂರುತ್ತಿದ್ದರು. ನೋಡಲಾರದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ, ಮೋಸವಾಗಿದೆ ಎಂದು ಅರ್ಜಿ ಹಾಕಿ ಎಂದು ಎಷ್ಟೋ ಸಲ ಹೇಳಿದೆ. "ಅವ್ರು ಮೋಸ ಮಾಡ್ಲಿಲ್ಲ, ನಾನೇ ಕೊಟ್ಟೆ. ಕೊಟ್ಟಿದ್ದು ಕೊಟ್ಟಾಯ್ತು" ಎಂಬ ಒಂದೇ ಉತ್ತರ.

ತಾವು ನಮ್ಮನ್ನು ಕೈಬಿಟ್ಟಿರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ನಮಗೆ ನಲ್ಲಿ ಹಾಕಿಸಿ ಕೊಟ್ಟಿದ್ದೀರಿ. ನೀರು ಮೊದಲು ರಾಜಧಾನಿಗೆ ಹೋಗಿ, ಅಲ್ಲಿನವರ ಯೋಗಕ್ಷೇಮ ವಿಚಾರಿಸಿಕೊಂಡು, ಬಿಡುವಾದಾಗ ನಮ್ಮ ಕಡೆಗೂ ಬರುತ್ತದೆ. ಬಾರದ ದಿನಗಳಲ್ಲಿ ನಲ್ಲಿ ಬುಸ್ ಎಂದು ಗಾಳಿಯನ್ನಾದರೂ ಕೊಡುತ್ತದೆ, ಬರಿಗೈಯಲ್ಲಿ ಕಳಿಸುವುದಿಲ್ಲ. ಬಂದ ನೀರು ಬಹಳ ಶುದ್ಧ. ಎಷ್ಟು ಶುದ್ಧವೆಂದರೆ ಉಪ್ಪಿನ ಜೊತೆಗೆ ರುಚಿ, ವಾಸನೆ, ನೆನಪು ಎಲ್ಲವನ್ನೂ ತಾವು ಬಿಡಿಸಿದ್ದೀರಿ, ಅದರಲ್ಲಿ ಕಾಯಿಸಿದ ಕಾಫಿ ಬಿಸಿನೀರಿಗೆ ಯಾರೋ ಕಾಫಿಯ ಸುದ್ದಿ ಹೇಳಿದ ಹಾಗಿರುತ್ತದೆ. ಹೀಗಿರುವಾಗ ಕೆಲವು ಸಣ್ಣಪುಟ್ಟ ಬಿನ್ನಹಗಳು. ತಮ್ಮ ಪ್ರಯೋಗಾಲಯದವರು ನಮ್ಮ ಬಾವಿಯ ನೀರು ಕುಡಿಯಲು ಯೋಗ್ಯ ಎಂದು ಮೊಹರು ಹಾಕಿಕೊಟ್ಟ ಕಾಗದವನ್ನು ಆಡಿಗೆ ತೋರಿಸಿದೆ, ಅದು ನೀರನ್ನು ಬಿಟ್ಟು ಕಾಗದವನ್ನು ತಿಂದಿತು. ಬೇರೆ ಪ್ರತಿ ಕಳಿಸಿ, ಸಾಧ್ಯವಾದರೆ ಜೊತೆಗೊಬ್ಬ ವಿಜ್ಞಾನಿಯನ್ನು ಕಳಿಸಿ ಆಡಿಗೆ ತಿಳಿಹೇಳಿಸಿ. ಹಳದಿಯಾದ ಖರ್ಜೂರದ ಮರಗಳನ್ನು ಮಸ್ಕತ್ತಿನ ಆ ವೃತ್ತಕ್ಕೆ ಸಾಗಿಸಿ, ಅವು ಅಲ್ಲಿ ಹುಲ್ಲಿನ ಜೊತೆ ನಮ್ಮದೇ ನೀರು ಕುಡಿದು ಚೇತರಿಸಿಕೊಳ್ಳಲಿ. ಅದೂ ಆಗದಿದ್ದರೆ ಕಡಲಿಗೆ ಒಂದು ನೋಟಿಸು ಕೊಟ್ಟು, ನಮ್ಮ ಬೇಲಿಯಿಂದ ಈಚೆ ಬರಬಾರದೆಂದು ತಾಕೀತು ಮಾಡಿ. ತಮ್ಮ ಮಾತನ್ನು ಅದು ಕೇಳುತ್ತದೆ, ಇಷ್ಟು ವರ್ಷ ಅದರ ಒಳಗಿನ ಉಪ್ಪನ್ನೇ ತೆಗೆದವರಲ್ಲವೇ.

ಈಗ ಗುರುವಾರಕ್ಕೆ ಬರುತ್ತೇನೆ. ಸ್ಥಾವರದ ಎರಡನೆಯ ಹಂತ, ಅಂದರೆ ನಮ್ಮ ಬಾವಿಯ ಪಕ್ಕದಲ್ಲೇ ಇನ್ನೊಂದು ಸಾಲು ಕೊಳವೆಬಾವಿ, ಅದರ ಸಂಭ್ರಮಕ್ಕೆ ತಾವು ನಮ್ಮ ಕೇರಿಯವರನ್ನೆಲ್ಲ ಕರೆಸಿದಿರಿ. ತಣ್ಣನೆಯ ಸಭಾಂಗಣ, ಹೂವಿನ ಕುಂಡ, ಮುಂದಿನ ಸಾಲಿನಲ್ಲಿ ನಮ್ಮ ಸೀಮೆಯ ಆಡಳಿತ ನೋಡುವ ವಾಲಿ ಸಾಹೇಬರು. ತಮ್ಮ ಕಡೆಯವರು ಕಾಫಿ ಬಗ್ಗಿಸುತ್ತಾ ಬಂದರು. ನಮ್ಮವರು ಬಟ್ಟಲು ತೆಗೆದುಕೊಂಡು, ಕಣ್ಣೆತ್ತಿ ಯಾರನ್ನೂ ನೋಡದೆ, ಮುಂದಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ದೇವರಾಣೆ, ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಪಕ್ಕದವನು ಅವರ ಬಟ್ಟಲನ್ನು ನೋಡಿ ತನ್ನದನ್ನೂ ಇಟ್ಟ. ಚಾವಡಿಯಲ್ಲಿ ಅವರನ್ನು ಗೇಲಿ ಮಾಡಿದವರೂ ಇಟ್ಟರು. ಹೆಂಗಸರ ಕಡೆ ನಾವು ಮಾತ್ರ ಯಾಕೆ ಹಿಂದೆ ಉಳಿಯಬೇಕು, ನಾವೂ ಇಟ್ಟೆವು. ಸಭಾಂಗಣದಲ್ಲಿ ಒಂದು ಬಟ್ಟಲೂ ತುಟಿಗೆ ಹೋಗಲಿಲ್ಲ.

ಆಗ ತಾವು ಮಾಡಿದ್ದನ್ನು ನೆನೆದರೆ ಇವತ್ತೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ನಾವು ತಮ್ಮ ನೀರನ್ನು ಅನುಮಾನಿಸುತ್ತಿದ್ದೇವೆಂದು ತಿಳಿದು, ಮೈಕಿನ ಮುಂದೆ ನಿಂತು, ಈ ನೀರು ಎಷ್ಟು ಪೊರೆಗಳನ್ನು ದಾಟಿ ಬಂದಿದೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿದಿರಿ, ನಮ್ಮೆದುರೇ ಒಂದು ಬಟ್ಟಲು ಕುಡಿದು, "ನೋಡಿ, ಏನಾದ್ರೂ ಆಯ್ತಾ ನಂಗೆ?" ಎಂದು ಕೈ ಅಗಲಿಸಿದಿರಿ. ಯಾರೂ ಅಲುಗಲಿಲ್ಲ. ವಾಲಿ ಸಾಹೇಬರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ, ತಮ್ಮನ್ನು ಹತ್ತಿರ ಕರೆದು, "ಅಯ್ಯೋ ನಬ್ಹಾನ್, ನೀರಿನ ವಿಷ್ಯ ಅಲ್ಲಪ್ಪಾ! ಅವ್ರಿಗೆ ನಿನ್ನಿಂದ ಏನೋ ಆಗ್ಬೇಕಾಗಿದೆ. ಆಗ್ಲಿ ಅನ್ನು, ಮರ್ಯಾದೆ ಉಳಿಸ್ಕೋ" ಎಂದರು. ಮೈಕು ಚಾಲೂ ಇತ್ತು, ಎಲ್ಲರಿಗೂ ಕೇಳಿಸಿತು. ತಾವು ಬಹುಶಃ ಇವರು ಇನ್ನೊಂದು ನೀರಿನ ಟ್ಯಾಂಕರು ಕೇಳಬಹುದು, ಹೆಚ್ಚೆಂದರೆ ಮಸೀದಿಗೆ ಫ್ಯಾನು ಕೇಳಬಹುದು ಎಂದುಕೊಂಡಿರಿ. ನಗುತ್ತಾ ಮೈಕಿಗೆ ಬಂದು, "ಕುಡೀರಿ, ಕುಡೀರಿ! ನೀವು ಕೇಳೋದು ಏನೇ ಇರ್ಲಿ, ಕೊಟ್ಟಾಯ್ತು" ಎಂದಿರಿ. ನಮ್ಮವರು ಹೇಳಿದ್ದ ಮಾತೇ ಅದು, ಅಕ್ಷರ ಬಿಡದೆ.

ನಮ್ಮವರು ಬಟ್ಟಲೆತ್ತಿದರು. ಕಾಫಿ ಮುಟ್ಟುವುದಿಲ್ಲ ಎಂದ ಮೇಲೆ ಅವರ ಗಂಟಲಿಗೆ ಇಳಿದ ಮೊದಲ ಕಾಫಿ ಅದು, ಅದೂ ತಮ್ಮ ಸಪ್ಪೆ ನೀರಿನದು, ಆದರೂ ಒಂದು ಹನಿ ಬಿಡದೆ ಕುಡಿದರು. ಬಟ್ಟಲನ್ನು ಅಲ್ಲಾಡಿಸಿ ಕೆಳಗಿಟ್ಟು ಎದ್ದು ನಿಂತು, "ಬಾವಿ ಪಕ್ಕದ ಕೊಳವೆಗಳನ್ನ ತೆಗೆದು ಬಂಡೆಯ ಆಚೆ ದಡಕ್ಕೆ ಹಾಕಿ, ಸಾಹೇಬ್ರೇ. ಅಷ್ಟೇ" ಎಂದು ಕೂತರು. ನಗು ತಮ್ಮ ಮುಖದ ಮೇಲೆ ಹಾಗೇ ಇತ್ತು, ಇಳಿಸುವುದಕ್ಕೆ ಜಾಗ ಸಿಗದೆ ನಿಂತಿತ್ತು. ಬಂಡೆಯ ಆಚೆ ಬಾವಿಯಿಲ್ಲ, ತೋಟವಿಲ್ಲ, ಕೇರಿಯಿಲ್ಲ, ಅಲ್ಲಿಗೆ ಕೊಳವೆ ಸ್ವಲ್ಪ ಉದ್ದ ಬೇಕಾಗುತ್ತದೆ, ಅಷ್ಟೇ ತಕರಾರು. ತಾವು ಸಮಿತಿ ಎಂದಿರಿ, ಅಧ್ಯಯನ ಎಂದಿರಿ, ಕೊನೆಗೆ ಬರೆದು ಕೊಡಿ ಎಂದಿರಿ.

ಇಲ್ಲಿಯವರೆಗೆ ತಮಾಷೆ ಮಾಡಿದೆ, ಕ್ಷಮಿಸಿ. ಶುಕ್ರವಾರ ಬೆಳಿಗ್ಗೆ ನಾನು ಹಿಟ್ಟು ಕಲಸುತ್ತಿದ್ದಾಗ ನಮ್ಮವರು ಬಾವಿಯ ಹತ್ತಿರ ಹೋದರು. ಒಂದು ಕೊಡ ಸೇದಿದರು. ಬೊಗಸೆಯಲ್ಲಿ ತೆಗೆದುಕೊಂಡು ಕುಡಿದು, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿ, ನನ್ನ ಕಡೆ ತಿರುಗಿ, "ಉಪ್ಪು ಕಮ್ಮಿಯಾಗಿದೆ ಕಣೇ, ಸ್ವಲ್ಪ ಕಮ್ಮಿಯಾಗಿದೆ" ಎಂದರು. ತಮ್ಮ ಪಂಪುಗಳು ಬೇಲಿಯಾಚೆ ಗುಂಯ್ ಎನ್ನುತ್ತಲೇ ಇದ್ದವು. ನಾನೂ ಕುಡಿದು ನೋಡಿದೆ. ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ನಾನು "ಹೌದು, ಕಮ್ಮಿಯಾಗಿದೆ" ಎಂದೆ. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ನಾನು ಅವರಿಗೆ ನೂರು ಮಾತು ಅಂದಿದ್ದೇನೆ, ಸುಳ್ಳು ಹೇಳಿರಲಿಲ್ಲ. ಅದನ್ನು ತಾವು ಹೇಳಿಸಿದಿರಿ, ಅದಕ್ಕೆ ನನಗೆ ತಮ್ಮ ಮೇಲೆ ಸಿಟ್ಟಿದೆ. ಅವರಿಗೆ ತಾವು ಮಾತು ತಪ್ಪಬಹುದೆಂಬ ಯೋಚನೆಯೇ ಬರುವುದಿಲ್ಲ, ಯಾಕೆಂದರೆ ಅವರು ತಮ್ಮ ಮಾತು ತಪ್ಪಲಿಲ್ಲ ನೋಡಿ. "ಅವ್ರು ಸಭೇಲಿ ಆಗ್ಲಿ ಅಂದಿದ್ದಾರೆ, ಇನ್ನೇನು ಬೇಕು ನಿಂಗೆ?" ಎನ್ನುತ್ತಾರೆ. ಅವತ್ತಿನಿಂದ ದಿನಾ ಕಾಫಿ ಕುಡಿಯುತ್ತಿದ್ದಾರೆ, ಅದೇ ಉಪ್ಪುನೀರಿನ ಕಾಫಿ, ಚಾವಡಿಗೂ ಹೋಗಿ ಬಂದರು. ನಾನು ಬಲ್ಲೆ, ಇನ್ನೊಮ್ಮೆ ಬಟ್ಟಲು ಕೆಳಗಿಟ್ಟರೆ ಅವರು ಮತ್ತೆ ಎತ್ತುವವರಲ್ಲ.

ಆದ್ದರಿಂದ ತಾವು ಕೇಳಿದಂತೆ ಬರೆದು ಕೊಡುತ್ತಿದ್ದೇನೆ. ಬೇಡಿಕೆ ಒಂದೇ: ಹಲ್ವಾ ಬಾವಿಯ ಪಕ್ಕದ ಕೊಳವೆಗಳನ್ನು ನಿಲ್ಲಿಸಿ ಬಂಡೆಯ ಆಚೆಗೆ ಒಯ್ಯಿರಿ. ಇದಕ್ಕೆ ತಮ್ಮ ಮಂಜೂರಾತಿ ಬೇಕೆಂದು ಬರೆಯುತ್ತಿಲ್ಲ, ಅದು ಗುರುವಾರವೇ ಆಗಿಹೋಗಿದೆ. ಎಂದು ಬರುತ್ತೀರಿ ಎಂಬುದನ್ನಷ್ಟೇ ತಿಳಿಸಿ.

ತಮ್ಮ ಮಾತಿನ ಮೇಲೆ ಗಂಡನಷ್ಟಲ್ಲದಿದ್ದರೂ ತಕ್ಕಮಟ್ಟಿಗೆ ವಿಶ್ವಾಸವಿಟ್ಟಿರುವ,

ತಮ್ಮ ವಿಶ್ವಾಸಿ,
ಜುವೈನಾ ಬಿಂತ್ ಖಲ್ಫಾನ್
ಹಲ್ವಾ ಬಾವಿ ಕೇರಿ, ರಾಸ್ ಜುಫೈನ್

ತಾ.ಕ.: ಹೊರಡುವಾಗ ತಾವು ವಾಲಿ ಸಾಹೇಬರ ಎದುರು, ಆ ಹಳೆಯ ಕಾಫಿ ಕುಡಿಯಲು ಇನ್ನೊಮ್ಮೆ ನಮ್ಮ ಮನೆಗೆ ಬರುತ್ತೇನೆಂದು ಹೇಳಿದ್ದೀರಿ. ಖಂಡಿತ ಬನ್ನಿ. ಕೊಳವೆಗಳನ್ನು ತೆಗೆಸಿದ ಮೇಲೆ ಬಂದರೂ ಸರಿ, ತೆಗೆಸದೆ ಬಂದರೂ ಸರಿ, ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವ ಮನೆ ನಮ್ಮದಲ್ಲ. ತಮ್ಮ ನಲ್ಲಿಯ ನೀರು ಮುಟ್ಟುವುದಿಲ್ಲ, ಹಲ್ವಾ ಬಾವಿಯಿಂದಲೇ ಸೇದಿ ಕಾಯಿಸುತ್ತೇನೆ, ಏಲಕ್ಕಿ ಕೇಸರಿ ಎಲ್ಲ ಅವತ್ತಿನಷ್ಟೇ ಹಾಕುತ್ತೇನೆ, ನಮ್ಮವರೇ ತಮ್ಮ ಕೈಗೆ ಬಗ್ಗಿಸಿ ಕೊಡುತ್ತಾರೆ. ಕುಡಿಯುವಾಗ ಉಪ್ಪು ಹೆಚ್ಚಾಯಿತು ಎನ್ನಿಸಿದರೆ ದಯಮಾಡಿ ನನ್ನ ಕೈಗುಣವನ್ನು ಬೈಯಬೇಡಿ.